ಬೇಬಿ ಕ್ಯಾರಿಯರ್‌ನಲ್ಲಿ ಎಳೆಗೂಸಿನ ಕಾಲುಗಳ ಭಂಗಿ

ಹುಟ್ಟಿದ ಮೊದಲ ತಿಂಗಳುಗಳಲ್ಲಿ ಕೂಸನ್ನು ಬಟ್ಟೆಯಿಂದಲೋ ಚೀಲದಿಂದಲೋ ಮೈಗೆ ಕಟ್ಟಿಕೊಂಡು ಓಡಾಡುವಾಗ ಅದರ ತೊಡೆ, ಮೊಣಕಾಲುಗಳು ಇರಬೇಕಾದ ಸುರಕ್ಷಿತ ಸ್ಥಿತಿ. ತೊಡೆಗಳೆರಡೂ ಮೇಲಕ್ಕೆ ಮಡಿಚಿ ಹದವಾಗಿ ಅಗಲವಾಗಿರಬೇಕು, ಮೊಣಕಾಲುಗಳು ಪೃಷ್ಠಕ್ಕಿಂತ ತುಸು ಮೇಲಿರಬೇಕು. ಒಂದು ಮೊಣಕಾಲಿನ ಹಿಂಬದಿಯಿಂದ ಇನ್ನೊಂದರವರೆಗೆ ಬಟ್ಟೆ ಆಸರೆ ಕೊಡಬೇಕು. ಎದುರಿನಿಂದ ನೋಡಿದರೆ ಇಂಗ್ಲಿಷಿನ ಎಂ ಅಕ್ಷರದ ಆಕಾರ ಕಾಣುವುದರಿಂದ ಇದಕ್ಕೆ ಎಂ ಭಂಗಿ ಎಂಬ ಹೆಸರೂ ಇದೆ.

ಗರ್ಭದಲ್ಲಿ ತಿಂಗಳುಗಟ್ಟಲೆ ಮುದುಡಿ ಮಲಗಿದ್ದ ಕೂಸಿನ ಕಾಲುಗಳು ಹುಟ್ಟಿದೊಡನೆ ನೇರವಾಗುವುದಿಲ್ಲ. ಸೊಂಟದಲ್ಲೂ ಮೊಣಕಾಲಲ್ಲೂ ಉಳಿದಿರುವ ಆ ಮಡಿಕೆ ಸಹಜವಾದದ್ದು, ತಾನಾಗಿಯೇ ನಿಧಾನಕ್ಕೆ ಬಿಡುವಂಥದ್ದು. ತೊಡೆಮೂಳೆಯ ಗುಂಡುತಲೆಯನ್ನು ಹಿಡಿದಿರುವ ಸೊಂಟದ ಕುಳಿ ಆಗಿನ್ನೂ ಬಹುಪಾಲು ಮೃದ್ವಸ್ಥಿ. ಹೆರಿಗೆಗಾಗಿ ತಾಯಿಯ ಮೈಯನ್ನು ಸಡಿಲಿಸುವ ಹಾರ್ಮೋನುಗಳ ಪ್ರಭಾವದಿಂದ ಕೂಸಿನ ಕೀಲಿನ ಕಟ್ಟುಗಳೂ ಸಡಿಲವಾಗಿರುತ್ತವೆ. ತೊಡೆ ಮಡಿಚಿ ಅಗಲವಾಗಿದ್ದರೆ ಗುಂಡು ಕುಳಿಯ ನಡುವೆ ಕೂತು, ಅದರ ಒತ್ತಿಗೆ ಕುಳಿ ಆಳವಾಗಿ ಬೆಳೆಯುತ್ತದೆ. ಕಾಲುಗಳನ್ನು ನೇರ ಮಾಡಿ ಜೋಡಿಸಿ ಬಿಗಿದರೆ ಗುಂಡು ಕುಳಿಯ ಅಂಚಿಗೆ ಸರಿಯುತ್ತದೆ. ದಿನವೂ ಗಂಟೆಗಟ್ಟಲೆ ಹೀಗೇ ಆದರೆ ಕುಳಿ ಆಳವಿಲ್ಲದೆ ಚಪ್ಪಟೆಯಾಗಬಹುದು, ಕೀಲು ಜಾರಲೂಬಹುದು. ಸೊಂಟದ ಕೀಲಿನ ಬೆಳವಣಿಗೆಯ ಈ ದೋಷಕ್ಕೆ ಮೊದಲ ಆರು ತಿಂಗಳೇ ಹೆಚ್ಚು ಅಪಾಯದ ಕಾಲ. ಇದು ನೋಯುವುದಿಲ್ಲವಾದ್ದರಿಂದ ಕೂಸು ಅಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಗು ಕುಂಟುತ್ತ ನಡೆಯತೊಡಗಿದ ಮೇಲೆಯೇ ವಿಷಯ ತಿಳಿಯುತ್ತದೆ. ಹೆಣ್ಣು ಕೂಸು, ಚೊಚ್ಚಲ ಕೂಸು, ಗರ್ಭದಲ್ಲಿ ಪೃಷ್ಠ ಕೆಳಗಾಗಿದ್ದ ಕೂಸು, ಮನೆತನದಲ್ಲಿ ಈ ತೊಂದರೆ ಇರುವ ಕೂಸು, ಇವುಗಳಿಗೆ ಅಪಾಯ ಹೆಚ್ಚು. ಎಡಗಾಲಿನಲ್ಲಿ ಇದು ಕಾಣುವುದು ಜಾಸ್ತಿ.

ಎತ್ತಿಕೊಳ್ಳುವ ರೂಢಿಗೂ ಈ ದೋಷಕ್ಕೂ ಇರುವ ನಂಟು ಹಲವು ನಾಡುಗಳಲ್ಲಿ ಕಂಡುಬಂದಿದೆ. ಕೂಸನ್ನು ಹಲಗೆಗೆ ಕಾಲು ನೇರವಾಗಿ ಕಟ್ಟುತ್ತಿದ್ದ ಅಮೆರಿಕದ ನವಾಹೊ ಜನರಲ್ಲಿ ಇದು ಬಹಳ ಇತ್ತು. ಕೂಸನ್ನು ಬೆನ್ನಿಗೆ ತೊಡೆ ಅಗಲಿಸಿ ಕಟ್ಟಿಕೊಳ್ಳುವ ಮಲಾವಿಯಂಥ ಆಫ್ರಿಕಾ ದೇಶಗಳಲ್ಲಿ ಅತಿ ವಿರಳ. ಜಪಾನಿನ ಉದಾಹರಣೆ ಎಲ್ಲಕ್ಕಿಂತ ಸ್ಪಷ್ಟವಾದದ್ದು. ಎಳೆಗೂಸಿನ ಕಾಲುಗಳನ್ನು ನೇರ ಮಾಡಿ ಸುತ್ತಬೇಡಿ ಎಂದು 1970ರ ದಶಕದಲ್ಲಿ ಅಲ್ಲಿ ತಾಯಂದಿರಿಗೂ ಅಜ್ಜಿಯರಿಗೂ ದೇಶವ್ಯಾಪಿಯಾಗಿ ತಿಳಿಹೇಳಲಾಯಿತು. ಹಿಂದೆ ನೂರಕ್ಕೆ ಒಂದರಿಂದ ಮೂರರಷ್ಟಿದ್ದ ಪ್ರಮಾಣ ಸಾವಿರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ನಮ್ಮ ಕಡೆಯ ರೂಢಿಗೆ ಬೆಳಗಾವಿ ಜಿಲ್ಲೆ ಮೂಡಲಗಿ ತಾಲೂಕಿನ ತುಕ್ಕಾನಟ್ಟಿಯನ್ನು ಉದಾಹರಣೆಯಾಗಿ ನೋಡಬಹುದು. ಕೂಸನ್ನು ಟೊಂಕದ ಮೇಲೆ ಕೂಡಿಸಿಕೊಂಡು ಬಗಲಲ್ಲಿ ಹಿಡಿದು ಕೆಲಸಕ್ಕೆ ಹೋಗುವುದು ಇಲ್ಲಿನ ಹೆಂಗಸರ ರೂಢಿ. ಕತ್ತು ನಿಂತ ಕೂಸಿಗೆ ಇದಕ್ಕಿಂತ ಒಳ್ಳೆಯ ಭಂಗಿಯಿಲ್ಲ: ತಾಯಿಯ ಸೊಂಟದ ಎರಡೂ ಬದಿಗೆ ತೊಡೆಗಳು ಅಗಲವಾಗಿ, ಮೊಣಕಾಲು ಮೇಲಾಗಿ, ವೈದ್ಯರು ಹೇಳುವ ಎಂ ಆಕಾರ ತಾನಾಗಿಯೇ ಒದಗುತ್ತದೆ. ಬಗಲಿಗೆ ಏರುವ ಮೊದಲಿನ ಮೂರು ನಾಲ್ಕು ತಿಂಗಳುಗಳನ್ನೇ ಹೆಚ್ಚು ಗಮನಿಸಬೇಕಾಗಿದೆ.

ಆ ತಿಂಗಳುಗಳಲ್ಲಿ ಕೂಸಿಗೆ ಎರೆಯುವ ಹಿರಿಯ ಹೆಂಗಸು ಕಾಲು ಚಾಚಿ ಕುಳಿತು, ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ತಿಕ್ಕುತ್ತಾಳೆ. ಎಣ್ಣೆ, ಬಿಸಿನೀರು, ಕೈಯ ಸ್ಪರ್ಶ ಎಲ್ಲವೂ ಒಳ್ಳೆಯದೇ. ಆದರೆ ಕಾಲು ಸೊಟ್ಟಗಾಗಬಾರದೆಂದು ಎರಡೂ ಕಾಲುಗಳನ್ನು ಜೋಡಿಸಿ ಜಗ್ಗುವುದು, ಎರೆದಾದ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಪಾದದವರೆಗೆ ಬಿಗಿಯಾಗಿ ಸುತ್ತಿಡುವುದು ಬೇಡ. ಸುತ್ತುವುದಾದರೆ ಎದೆಯ ಭಾಗ ಹದವಾಗಿರಲಿ, ಸೊಂಟದಿಂದ ಕೆಳಗೆ ಕಾಲು ಮಡಿಚಿ ಒದೆಯುವಷ್ಟು ಸಡಿಲವಿರಲಿ. ಎರೆಯುವ ಅಜ್ಜಿಯನ್ನು ದೂರವಿಡುವ ಸಲಹೆ ಕೆಲವೊಮ್ಮೆ ಕೇಳಿಬರುತ್ತದೆ. ಅವಳಿಗೇ ಈ ಮಾತು ತಿಳಿಸುವುದು ಹೆಚ್ಚು ಸರಿ, ಏಕೆಂದರೆ ಕೂಸಿನ ಕಾಲನ್ನು ದಿನವೂ ಮುಟ್ಟಿ ನೋಡುವವಳು ಅವಳೇ.

ಹಗ್ಗಕ್ಕೋ ಮರದ ಕೊಂಬೆಗೋ ಸೀರೆ ಕಟ್ಟಿದ ಜೋಳಿಗೆಯಲ್ಲಿ ಕೂಸು ಅಡ್ಡಲಾಗಿ ಬಾಗಿ ಮಲಗುತ್ತದೆ. ಅಲ್ಲಿ ಕಾಲಿಗಿಂತ ಉಸಿರಿನ ಚಿಂತೆ ದೊಡ್ಡದು. ಗದ್ದ ಎದೆಗೆ ಒತ್ತಿಕೊಂಡರೆ ಎಳೆಯ ಶ್ವಾಸನಾಳ ಮಡಚಿ, ಸದ್ದಿಲ್ಲದೆ ಉಸಿರು ಕಟ್ಟಬಹುದು. ಅದೇ ರೀತಿ ಅಡ್ಡ ಮಲಗಿಸಿ ಹೆಗಲಿಗೆ ಹಾಕಿಕೊಳ್ಳುವ ಚೀಲಗಳೂ ಎಳೆಗೂಸಿಗೆ ತಕ್ಕವಲ್ಲ.

ಚೊಚ್ಚಲ ಬಾಣಂತನ ತವರಿನಲ್ಲಿ ಮುಗಿದು ತಾಯಿ ಮಗು ಗಂಡನ ಮನೆಗೆ ಹೊರಡುವಾಗ, ಲಸಿಕೆಗೆ ಹೋಗುವಾಗ, ಪೇಟೆಯಲ್ಲಿ ಕಾಂಗರೂ ಬ್ಯಾಗ್ ಎಂದು ಮಾರುವ ಕ್ಯಾರಿಯರ್ ಈಗ ಹಳ್ಳಿಗಳಲ್ಲೂ ಬಳಕೆಗೆ ಬರುತ್ತಿದೆ. ಕೊಳ್ಳುವಾಗ ಮೊದಲು ನೋಡಬೇಕಾದ್ದು ಆಸನದ ಅಗಲ. ಬಟ್ಟೆ ತೊಡೆಸಂದಿನಲ್ಲಿ ಮಾತ್ರ ಪಟ್ಟಿಯಂತೆ ಹಾದು ಕಾಲುಗಳು ನೇರವಾಗಿ ಜೋತುಬಿದ್ದರೆ ಅಂಥದ್ದು ಬೇಡ. ಈಗಾಗಲೇ ಕೊಂಡಿದ್ದರೆ, ಉದ್ದನೆಯ ದುಪ್ಪಟ್ಟಾವನ್ನು ಕೂಸಿನ ಎರಡೂ ತೊಡೆಗಳ ಕೆಳಗೆ ಮೊಣಕಾಲಿನವರೆಗೆ ಹಾಯಿಸಿ ತಾಯಿಯ ಸೊಂಟಕ್ಕೆ ಭದ್ರವಾಗಿ ಕಟ್ಟಿದರೆ ಆಸನ ಅಗಲವಾಗುತ್ತದೆ. ಲೇಬಲ್ಲಿನಲ್ಲಿ ಬರೆದ ಕನಿಷ್ಠ ತೂಕವನ್ನೂ ನೋಡಬೇಕು. ಹಲವು ಕ್ಯಾರಿಯರ್‌ಗಳಿಗೆ ಅದು ಮೂರೂವರೆ ಕಿಲೋ ಆಸುಪಾಸು. ನಮ್ಮಲ್ಲಿ ಎಷ್ಟೋ ಕೂಸುಗಳು ಹುಟ್ಟುವಾಗ ಅಷ್ಟು ತೂಗುವುದಿಲ್ಲ.

ಕೂಸಿನ ಮುಖ ತಾಯಿಯ ಎದೆಯ ಕಡೆಗಿರಬೇಕು. ಒಳಗೆ ಕೂರಿಸಿದ ಮೇಲೆ ಅದರ ಪೃಷ್ಠದ ಕೆಳಗೆ ಕೈಯಿಟ್ಟು ಸೊಂಟವನ್ನು ಮೆಲ್ಲಗೆ ತನ್ನ ಹೊಟ್ಟೆಯ ಕಡೆಗೆ ಓರೆ ಮಾಡಿದರೆ ಮೊಣಕಾಲುಗಳು ತಾವಾಗಿ ಮೇಲೇಳುತ್ತವೆ, ಬೆನ್ನು ಸಹಜವಾಗಿ ಬಾಗುತ್ತದೆ. ತೊಡೆಗಳನ್ನು ಕೈಯಿಂದ ಅಗಲಿಸಬಾರದು. ಎಳೆಗೂಸಿಗೆ ಸಾಕಾಗುವ ಅಗಲ ಚಿಕ್ಕದು. ಅದು ಎಷ್ಟು ತೆರೆಯುತ್ತದೋ ಅಷ್ಟಕ್ಕೇ ಬಟ್ಟೆಯನ್ನು ಹೊಂದಿಸಬೇಕು. ಮೊಣಕಾಲು ದಾಟಿ ಮೀನಖಂಡದವರೆಗೆ ಬರುವ ಗಟ್ಟಿ ಆಸನ ಕಾಲನ್ನು ಬಲವಂತವಾಗಿ ನೇರ ಮಾಡುತ್ತದೆ. ಪಾದಗಳು ಬಟ್ಟೆಯ ಒಳಗಿದ್ದರೆ ಮೈಭಾರ ಅವುಗಳ ಮೇಲೆ ಬೀಳಬಾರದು, ಹಿಮ್ಮಡಿ ಒಳಕ್ಕೆ ತಿರುಚಿರಬಾರದು. ಪಾದ ತಣ್ಣಗಾಗಿದ್ದರೆ, ಬಣ್ಣಗೆಟ್ಟಿದ್ದರೆ, ತೊಡೆಯಲ್ಲಿ ಕೆಂಪು ಗೆರೆ ಮೂಡಿದ್ದರೆ ಕಟ್ಟು ಬಿಗಿಯಾಗಿದೆ ಎಂದರ್ಥ. ಮೂಗು ಬಾಯಿ ಸದಾ ಕಣ್ಣಿಗೆ ಕಾಣಬೇಕು, ಗದ್ದಕ್ಕೂ ಎದೆಗೂ ನಡುವೆ ಎರಡು ಬೆರಳಿನ ತೆರಪಿರಬೇಕು. ಹೊರಮುಖವಾಗಿ ಕೂರಿಸುವುದು ಐದಾರು ತಿಂಗಳು ತುಂಬಿ ಕತ್ತು ಗಟ್ಟಿಯಾದ ಮೇಲಿನ ಮಾತು. ಬೈಕಿನಲ್ಲಿ ಹೋಗುವಾಗ ಕ್ಯಾರಿಯರ್ ಕೂಸನ್ನು ಅಪಘಾತದಿಂದ ಕಾಯುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು.

ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಕ್ಯಾರಿಯರ್‌ಗಿಂತ ಕಾಂಗರೂ ಆರೈಕೆ ಮುಖ್ಯ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಆರಂಭಿಸಿದ ಈ ಪದ್ಧತಿಯಲ್ಲಿ ಕೂಸನ್ನು ತಾಯಿಯ ಬರಿಯೆದೆಗೆ ನೆಟ್ಟಗೆ, ಕಾಲುಗಳನ್ನು ಕಪ್ಪೆಯ ಹಾಗೆ ಮಡಿಚಿ ಕಟ್ಟುತ್ತಾರೆ. ದಿನಕ್ಕೆ 8ರಿಂದ 24 ಗಂಟೆ ಹೀಗೆ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆ ಸರ್ಕಾರಿ ಆಸ್ಪತ್ರೆಗಳಿಂದ ಮನೆಯವರೆಗೆ ಇದನ್ನು ವಿಸ್ತರಿಸಿ ದಾರಿ ತೋರಿಸಿತು.

ಸರಿಯಾಗಿ ಎತ್ತಿಕೊಂಡರೂ ಕೆಲವು ಕೂಸುಗಳಲ್ಲಿ ದೋಷ ಹುಟ್ಟಿನಿಂದಲೇ ಇರಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಇದೂ ಸೇರಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರುತ್ತಾಳೆ. ಬಟ್ಟೆ ಬದಲಿಸುವಾಗ ಒಂದು ತೊಡೆ ಇನ್ನೊಂದರಷ್ಟು ತೆರೆಯದಿದ್ದರೆ, ಒಂದು ಕಾಲು ಗಿಡ್ಡ ಕಂಡರೆ, ತೊಡೆಯ ಮಡಿಕೆಗಳು ಸಮನಿಲ್ಲದಿದ್ದರೆ ಅವಳಿಗೆ ತೋರಿಸಿ ಮಕ್ಕಳ ವೈದ್ಯರ ಬಳಿ ಹೋಗಬೇಕು. ಪೃಷ್ಠ ಕೆಳಗಾಗಿದ್ದ ಕೂಸಿಗೆ ಲಕ್ಷಣ ಕಾಣದಿದ್ದರೂ ಆರು ವಾರದ ಸುಮಾರಿಗೆ ಸೊಂಟದ ಅಲ್ಟ್ರಾಸೌಂಡ್ ಮಾಡಿಸುವುದು ಲೇಸು. ಆರು ತಿಂಗಳೊಳಗೆ ಪತ್ತೆಯಾದರೆ ಚೆಕ್ ವೈದ್ಯ ಅರ್ನಾಲ್ಡ್ ಪಾವ್ಲಿಕ್ ರೂಪಿಸಿದ ಪಟ್ಟಿಕಟ್ಟು ಬಹುಪಾಲು ಕೂಸುಗಳಿಗೆ ಸಾಕಾಗುತ್ತದೆ. ಅದು ಕಾಲುಗಳನ್ನು ಹಿಡಿದಿಡುವುದೂ ಹೀಗೆ ಮಡಿಚಿ ಅಗಲಿಸಿಯೇ. ನಡೆಯುವ ವಯಸ್ಸಿನವರೆಗೆ ತಡವಾದರೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಪ್ಲಾಸ್ಟರ್ ಬೇಕಾಗಬಹುದು.