ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಹಳೆಯ ಪಿಕಪ್‌ನ ಶಕ್ತಿ ಹೆಚ್ಚುತ್ತದೆಯೇ? ಇಗ್ನಿಷನ್ ಟೈಮಿಂಗ್ ಬಗ್ಗೆ ತಿಳಿಯಬೇಕಾದ ಸಂಗತಿಗಳು

ಹಳೆಯ ಅಮೆರಿಕನ್ ಪಿಕಪ್ ಟ್ರಕ್ ಇಟ್ಟುಕೊಂಡವರ ನಡುವೆ ಒಂದು ಮಾತು ಬಹುಕಾಲದಿಂದ ಓಡಾಡುತ್ತಿದೆ: 'ಟೈಮಿಂಗ್ ಸ್ವಲ್ಪ ಮುಂದಕ್ಕೆ ಹಾಕಿ, ಗಾಡಿ ಹಾರುತ್ತದೆ.' ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಂಬಿದರೆ ಪಿಸ್ಟನ್ ಒಡೆಯಬಹುದು. ಇಗ್ನಿಷನ್ ಟೈಮಿಂಗ್ ಎಂದರೇನು, ಅದನ್ನು ಹೊಂದಿಸುವುದು ಹೇಗೆ, ತಪ್ಪು ತಿಳಿವಳಿಕೆ ಎಲ್ಲಿದೆ ಎಂದು ನೋಡೋಣ. ಉದಾಹರಣೆಗೆ ನಾವು ತೆಗೆದುಕೊಂಡಿರುವುದು 1970ರ ದಶಕದ ಷೆವರ್ಲೆ ಪಿಕಪ್‌ಗಳಲ್ಲಿ ಬರುತ್ತಿದ್ದ 350 ಘನ ಇಂಚಿನ, ಅಂದರೆ 5.7 ಲೀಟರ್‌ನ ವಿ8 ಪೆಟ್ರೋಲ್ ಎಂಜಿನ್.

ಟೈಮಿಂಗ್ ಎಂದರೇನು?

ಪಿಸ್ಟನ್ ಮೇಲೇರುತ್ತಾ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗ ಆ ಮಿಶ್ರಣ ಒಮ್ಮೆಲೇ ಸಿಡಿಯುವುದಿಲ್ಲ. ಬೆಂಕಿ ಪ್ಲಗ್‌ನಿಂದ ಹೊರಟು ಸುತ್ತಲೂ ಹರಡಿಕೊಳ್ಳಲು ಸುಮಾರು 2 ಮಿಲಿಸೆಕೆಂಡ್ ಬೇಕು. ಪಿಸ್ಟನ್ ತುದಿ ಮುಟ್ಟಿ ಕೆಳಗಿಳಿಯತೊಡಗಿ, ಕ್ರ್ಯಾಂಕ್ ಸುಮಾರು 15 ಡಿಗ್ರಿ ತಿರುಗಿದಾಗ ಒತ್ತಡ ಗರಿಷ್ಠವಾದರೆ ಎಂಜಿನ್‌ಗೆ ಹೆಚ್ಚಿನ ಲಾಭ. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಎಷ್ಟು ಮೊದಲು ಎಂಬುದನ್ನು ಕ್ರ್ಯಾಂಕ್ ತಿರುಗುವ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಅದೇ ಅಡ್ವಾನ್ಸ್.

ವೇಗ ಹೆಚ್ಚಿದಂತೆ ಅಡ್ವಾನ್ಸ್ ಏಕೆ ಹೆಚ್ಚಬೇಕು?

ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುವಾಗ ಒಂದು ಸುತ್ತಿಗೆ 100 ಮಿಲಿಸೆಕೆಂಡ್ ಹಿಡಿಯುತ್ತದೆ. ಆಗ 8 ಡಿಗ್ರಿ ಎಂದರೆ ಸುಮಾರು 2.2 ಮಿಲಿಸೆಕೆಂಡ್. 3,000 ಸುತ್ತಿನಲ್ಲಿ ಒಂದು ಸುತ್ತಿಗೆ ಸಿಗುವುದು 20 ಮಿಲಿಸೆಕೆಂಡ್ ಮಾತ್ರ. ಅಲ್ಲಿ 2 ಮಿಲಿಸೆಕೆಂಡ್ ಬೇಕೆಂದರೆ 36 ಡಿಗ್ರಿ ಮೊದಲೇ ಕಿಡಿ ಹಾರಬೇಕು. ವೇಗ ಇನ್ನೂ ಹೆಚ್ಚಿದರೆ ಒಳಗಿನ ಗಾಳಿಯ ಸುಳಿ ಜೋರಾಗಿ ಬೆಂಕಿಯೂ ಬೇಗ ಹರಡುತ್ತದೆ. ಹಾಗಾಗಿ ಒಂದು ಹಂತದ ನಂತರ ಅಡ್ವಾನ್ಸ್ ಹೆಚ್ಚಿಸುವ ಅಗತ್ಯ ಅಷ್ಟಾಗಿ ಇರುವುದಿಲ್ಲ.

ಹಳೆಯ ಎಂಜಿನ್‌ಗಳಲ್ಲಿ ಈ ಲೆಕ್ಕವನ್ನು ಮಾಡುವುದು ಡಿಸ್ಟ್ರಿಬ್ಯೂಟರ್. ಅದರೊಳಗಿನ ಪುಟ್ಟ ತೂಕಗಳು ವೇಗ ಏರಿದಂತೆ ಸ್ಪ್ರಿಂಗ್‌ಗಳನ್ನು ಎಳೆದು ಹೊರಕ್ಕೆ ಸರಿದು ಕಿಡಿಯನ್ನು ಮುಂದಕ್ಕೆ ತರುತ್ತವೆ. ಪಕ್ಕದಲ್ಲಿರುವ ವ್ಯಾಕ್ಯೂಮ್ ಡಬ್ಬಿ, ಗಾಡಿ ಹಗುರವಾಗಿ ಓಡುವಾಗ ಇನ್ನಷ್ಟು ಅಡ್ವಾನ್ಸ್ ಸೇರಿಸುತ್ತದೆ. ಹಗುರ ಹೊರೆಯಲ್ಲಿ ಸಿಲಿಂಡರ್‌ನೊಳಗೆ ಮಿಶ್ರಣ ಕಡಿಮೆ ಇರುವುದರಿಂದ ಬೆಂಕಿ ನಿಧಾನವಾಗಿ ಹರಡುತ್ತದೆ. ಅದಕ್ಕೇ ಈ ವ್ಯವಸ್ಥೆ.

ಅರ್ಧ ಸತ್ಯ ಇರುವುದು ಇಲ್ಲಿ

ನಿಂತ ಗಾಡಿಯಲ್ಲಿ ಟೈಮಿಂಗ್ ಮುಂದಕ್ಕೆ ಹಾಕಿದರೆ ಎಂಜಿನ್ ಚುರುಕಾಗುವುದು ನಿಜ. ಐಡ್ಲಿಂಗ್ ವೇಗ ಏರುತ್ತದೆ, ಆಕ್ಸಿಲರೇಟರ್ ಮುಟ್ಟಿದೊಡನೆ ಸ್ಪಂದನ ಸಿಗುತ್ತದೆ. ಆದರೆ ತೂಕಗಳು ಸೇರಿಸುವ ಪಾಲು ಹಾಗೆಯೇ ಇರುತ್ತದೆ ಎಂಬುದನ್ನು ಮರೆಯಬಾರದು. ಮೂಲ ಟೈಮಿಂಗ್ 8 ಡಿಗ್ರಿ, ತೂಕಗಳ ಪಾಲು 28 ಡಿಗ್ರಿ ಎಂದುಕೊಳ್ಳಿ. ಒಟ್ಟು 36 ಡಿಗ್ರಿ, ಈ ಎಂಜಿನ್‌ಗೆ ಅದು ಸಮಂಜಸ. ಮೂಲವನ್ನು 14ಕ್ಕೆ ಏರಿಸಿದರೆ ಪೂರ್ತಿ ವೇಗದಲ್ಲಿ ಒಟ್ಟು 42 ಆಗುತ್ತದೆ.

ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ, ಅದರ ಮೈಯನ್ನು 3 ಡಿಗ್ರಿ ಸರಿಸಿದರೂ ಟೈಮಿಂಗ್ 6 ಡಿಗ್ರಿ ಬದಲಾಗುತ್ತದೆ. ಕಣ್ಣಿಗೆ ಕಾಣದಷ್ಟು ಸರಿಸಿದರೂ ಸಾಕು, ಲೆಕ್ಕ ತಪ್ಪುತ್ತದೆ.

ಕಿಡಿ ಅತಿ ಬೇಗ ಹಾರಿದರೆ, ಇನ್ನೂ ಮೇಲೇರುತ್ತಿರುವ ಪಿಸ್ಟನ್ನಿಗೆ ಒತ್ತಡ ಎದುರಾಗುತ್ತದೆ. ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಹೊತ್ತಿಕೊಂಡು ಲೋಹಕ್ಕೆ ಬಡಿದಂತೆ 'ಟಿಣ್ ಟಿಣ್' ಸದ್ದು ಬರುತ್ತದೆ. ಇದನ್ನೇ ನಾಕಿಂಗ್ ಎನ್ನುತ್ತಾರೆ. ಹೊರೆ ತುಂಬಿ ಬಿಸಿಲಲ್ಲಿ ಏರು ಹತ್ತುವಾಗ ಇದರ ಅಪಾಯ ಹೆಚ್ಚು. ಹೆಚ್ಚಿನ ವೇಗದಲ್ಲಿ ಎಂಜಿನ್ ಗದ್ದಲದ ನಡುವೆ ಸದ್ದು ಕೇಳದೇ ಹೋಗಬಹುದು, ಪಿಸ್ಟನ್ ಮಾತ್ರ ಏಟು ತಿನ್ನುತ್ತಲೇ ಇರುತ್ತದೆ. ಕಿಡಿ ತಡವಾದರೂ ಒಳ್ಳೆಯದಲ್ಲ: ಶಕ್ತಿ ಕುಂದುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಸೈಲೆನ್ಸರ್ ಕಡೆಯ ಕೊಳವೆಗಳು ಕಾಯುತ್ತವೆ.

ಹೊಂದಿಸುವ ಕ್ರಮ

1. ಬಾನೆಟ್ ಕೆಳಗಿನ ಲೇಬಲ್‌ನಲ್ಲಿ ಟೈಮಿಂಗ್ ಮತ್ತು ಐಡ್ಲಿಂಗ್ ವೇಗದ ಅಂಕಿಗಳಿರುತ್ತವೆ. ಲೇಬಲ್ ಹರಿದಿದ್ದರೆ ಆ ವರ್ಷದ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಬೇರೆ ಗಾಡಿಯ ಅಂಕಿ ಬಳಸಬೇಡಿ.

2. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್ ಆದರೆ ಮೊದಲು ಪಾಯಿಂಟ್ ಗ್ಯಾಪ್ ಸರಿಪಡಿಸಿ, ಏಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ.

3. ಎಂಜಿನ್ ನಿಲ್ಲಿಸಿ, ಮುಂದಿರುವ ಬ್ಯಾಲೆನ್ಸರ್ ಚಕ್ರದ ಗೆರೆಯನ್ನು ಒರೆಸಿ ಸೀಮೆಸುಣ್ಣ ಬಳಿಯಿರಿ. ಟೈಮಿಂಗ್ ಲೈಟಿನ ಎರಡು ತಂತಿಗಳನ್ನು ಬ್ಯಾಟರಿಗೆ, ಕ್ಲ್ಯಾಂಪನ್ನು 1ನೇ ಸಿಲಿಂಡರ್‌ನ ಪ್ಲಗ್ ತಂತಿಗೆ ಹಾಕಿ. ಈ ಎಂಜಿನ್‌ನಲ್ಲಿ 1ನೇ ಸಿಲಿಂಡರ್ ಗಾಡಿಯ ಎಡಬದಿಯಲ್ಲಿ ಎಲ್ಲಕ್ಕಿಂತ ಮುಂದೆ ಇದೆ.

4. ಲೇಬಲ್ ಹೇಳಿದ್ದರೆ ವ್ಯಾಕ್ಯೂಮ್ ಕೊಳವೆ ಕಳಚಿ, ತುದಿ ಮುಚ್ಚಿ. ಎಂಜಿನ್ ಚಾಲೂ ಮಾಡಿ ಐಡ್ಲಿಂಗ್ ವೇಗವನ್ನು ಲೇಬಲ್‌ನ ಅಂಕಿಗೆ ತನ್ನಿ.

5. ಡಿಸ್ಟ್ರಿಬ್ಯೂಟರ್ ಬುಡದ ಬೋಲ್ಟ್ ಸಡಿಲಿಸಿ, ಲೈಟ್ ಬಿಟ್ಟು ಗೆರೆ ನೋಡುತ್ತಾ ಮೈಯನ್ನು ನಿಧಾನವಾಗಿ ತಿರುಗಿಸಿ. ಒಳಗಿನ ರೋಟರ್ ಗಡಿಯಾರದ ಮುಳ್ಳಿನಂತೆ ತಿರುಗುವುದರಿಂದ, ಮೈಯನ್ನು ಅದಕ್ಕೆ ಎದುರಾಗಿ ತಿರುಗಿಸಿದರೆ ಅಡ್ವಾನ್ಸ್ ಹೆಚ್ಚುತ್ತದೆ.

6. ಬೋಲ್ಟ್ ಬಿಗಿಮಾಡಿ ಮತ್ತೊಮ್ಮೆ ನೋಡಿ. ಬಿಗಿಯುವಾಗಲೇ ಅದು ಸರಿಯುವುದುಂಟು. ಆಮೇಲೆ ಕೊಳವೆ ಹಾಕಿ, ಐಡ್ಲಿಂಗ್ ಸರಿಪಡಿಸಿ.

7. ವೇಗ ಏರಿಸಿದಾಗ ಗೆರೆ ನಯವಾಗಿ ಸರಿಯಬೇಕು. ಅಲುಗದಿದ್ದರೆ ತೂಕಗಳು ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು.

1980ರ ದಶಕದ ಕೊನೆಯಲ್ಲಿ ಬಂದ ಕಂಪ್ಯೂಟರ್ ನಿಯಂತ್ರಿತ ಪಿಕಪ್‌ಗಳಲ್ಲಿ ಈ ಕೆಲಸಕ್ಕೆ ಮೊದಲು ಮ್ಯಾನ್ಯುಯಲ್ ಹೇಳಿದ ತಂತಿಯೊಂದನ್ನು ಕಳಚಬೇಕಾಗುತ್ತದೆ. ಇಲ್ಲವಾದರೆ ಲೈಟ್ ತೋರಿಸುವುದು ಮೂಲ ಟೈಮಿಂಗನ್ನಲ್ಲ.

ಜೀವಕ್ಕೆ ಸಂಬಂಧಿಸಿದ ಎರಡು ಮಾತು

ಟೈಮಿಂಗ್ ಲೈಟ್ ಮಿಣುಕುವ ಬೆಳಕು. ಅದರಲ್ಲಿ ತಿರುಗುತ್ತಿರುವ ಫ್ಯಾನ್ ನಿಂತಂತೆ ಕಾಣಬಹುದು. ಕೈ, ದುಪಟ್ಟಾ, ಸಡಿಲ ತೋಳು, ಲೈಟಿನ ತಂತಿ ಯಾವುದೂ ಹತ್ತಿರ ಹೋಗದಿರಲಿ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ.

ಜನಪ್ರಿಯ ನಂಬಿಕೆಗಳು

*'ಕಿವಿಯಿಂದಲೇ ಟೈಮಿಂಗ್ ಹಿಡಿಯಬಹುದು.'* ಕೆಟ್ಟು ನಿಂತ ಗಾಡಿಯನ್ನು ಮನೆಗೆ ತರಲು ಸಾಕು. ಕಿವಿಗೆ ಸಿಗುವುದು ಐಡ್ಲಿಂಗ್ ಮಾತ್ರ, ಹೊರೆ ಹೊತ್ತಾಗಿನ ಒಟ್ಟು ಅಡ್ವಾನ್ಸ್ ಅಲ್ಲ.

*'ಲೈಟ್ ಸುಳ್ಳು ಹೇಳುವುದಿಲ್ಲ.'* ಲೈಟ್ ಹೇಳದಿದ್ದರೂ ಗೆರೆ ಸುಳ್ಳು ಹೇಳಬಹುದು. ಬ್ಯಾಲೆನ್ಸರ್‌ನ ಹೊರಬಳೆಯನ್ನು ಹಿಡಿದಿರುವುದು ರಬ್ಬರ್. ಅದು ಹಳತಾದಾಗ ಬಳೆ ಜಾರುತ್ತದೆ, ಜೊತೆಗೆ ಗೆರೆಯೂ. ಅಂಕಿ ಸರಿಯಿದ್ದೂ ಎಂಜಿನ್ ತಕರಾರು ಮಾಡಿದರೆ, ಪಿಸ್ಟನ್ ತುದಿಯಲ್ಲಿದ್ದಾಗ ಗೆರೆ ಸೊನ್ನೆಗೆ ಬರುತ್ತದೆಯೇ ಎಂದು ಪರೀಕ್ಷಿಸಬೇಕು.

*'ವ್ಯಾಕ್ಯೂಮ್ ಅಡ್ವಾನ್ಸ್ ಇರುವುದು ಹೊಗೆ ನಿಯಮಕ್ಕಾಗಿ, ಕಿತ್ತುಹಾಕಬಹುದು.'* ತಪ್ಪು. ಹೊಗೆ ನಿಯಮಗಳು ಬರುವ ದಶಕಗಳ ಮೊದಲೇ ಇದು ಕಾರುಗಳಲ್ಲಿತ್ತು. ಕಿತ್ತರೆ ಪೆಟ್ರೋಲ್ ಖರ್ಚು ಹೆಚ್ಚುತ್ತದೆ.

*'ಹೆಚ್ಚು ಆಕ್ಟೇನ್ ಪೆಟ್ರೋಲ್ ಹಾಕಿದರೆ ಶಕ್ತಿ ಹೆಚ್ಚು.'* ಆಕ್ಟೇನ್ ಎಂಬುದು ತಾನಾಗಿ ಹೊತ್ತಿಕೊಳ್ಳದಿರುವ ಗುಣದ ಅಳತೆ, ಶಕ್ತಿಯ ಅಳತೆಯಲ್ಲ. ಅಮೆರಿಕದ ಪಂಪಿನ 87 ಮತ್ತು ನಮ್ಮಲ್ಲಿ ಬಳಕೆಯಲ್ಲಿದ್ದ 91 ಹೆಚ್ಚುಕಡಿಮೆ ಒಂದೇ ಮಟ್ಟದವು. ಅಳೆಯುವ ವಿಧಾನ ಬೇರೆ, ಅಷ್ಟೇ.

ನಮ್ಮ ಊರಿನ ಗಾಡಿಗಳಿಗೆ ಇದು ಅನ್ವಯಿಸುತ್ತದೆಯೇ?

ಹಳೆಯ ಪೆಟ್ರೋಲ್ ಜೀಪ್, ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ತತ್ವ ಇದೇ, ಅಂಕಿಗಳು ಬೇರೆ. ಕರ್ನಾಟಕದ ರಸ್ತೆಗಳಲ್ಲಿ ಕಾಣುವ ಡೀಸೆಲ್ ಪಿಕಪ್‌ಗಳಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಡೀಸೆಲ್ ಚಿಮ್ಮುವ ಸಮಯ. ಇಂದಿನ ಪೆಟ್ರೋಲ್ ಗಾಡಿಗಳಲ್ಲಿ ಟೈಮಿಂಗ್ ಹೊಂದಿಸುವುದು ಕಂಪ್ಯೂಟರ್, ತಿರುಗಿಸಲು ಡಿಸ್ಟ್ರಿಬ್ಯೂಟರ್ ಇಲ್ಲ.

ಒಟ್ಟಿನಲ್ಲಿ

ಟೈಮಿಂಗ್ ಹಿಂದೆ ಬಿದ್ದಿದ್ದರೆ ಸರಿಯಾದ ಅಂಕಿಗೆ ತಂದಾಗ ಕಳೆದುಹೋದ ಶಕ್ತಿ ಮರಳುತ್ತದೆ. ಪಾಯಿಂಟ್ ಸವೆದ ಗಾಡಿಗಳಲ್ಲಿ ಹೀಗಾಗುವುದು ಸಾಮಾನ್ಯ. ಸರಿಯಾದ ಅಂಕಿಯನ್ನು ದಾಟಿ ಮುಂದಕ್ಕೆ ಹಾಕಿದರೆ ಸಿಗುವುದು ಐಡ್ಲಿಂಗ್‌ನ ಚುರುಕು ಮಾತ್ರ. ಏರಿನಲ್ಲಿ ಹೊರೆ ಎಳೆಯುವಾಗ ನಾಕಿಂಗ್ ಕೇಳಿಸಿದರೆ ಆಕ್ಸಿಲರೇಟರ್ ಸಡಿಲಿಸಿ, ಗೇರ್ ಇಳಿಸಿ, ಮನೆಗೆ ಬಂದು 2 ಡಿಗ್ರಿ ಹಿಂದಕ್ಕೆ ಹಾಕಿ ನೋಡಿ. ಎಂಜಿನ್ ಬಿಚ್ಚಿ ಪಿಸ್ಟನ್ ಬದಲಿಸುವ ಖರ್ಚಿನ ಮುಂದೆ ಆ 2 ಡಿಗ್ರಿ ಯಾವ ಲೆಕ್ಕವೂ ಅಲ್ಲ.