ಒಂದು ಅಂಕದ ಗೆರೆ

ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗ ಎಸ್.ಎಸ್.ಎಲ್.ಸಿ. ಫಲಿತಾಂಶ ನೋಡಿಕೊಂಡು ಬಂದು ಮುಖ ಸಪ್ಪೆ ಮಾಡಿಕೊಂಡು ನಿಂತ. 625ಕ್ಕೆ 562. ನಮ್ಮ ಕಾಲದಲ್ಲಾಗಿದ್ದರೆ ಬೀದಿಗೆಲ್ಲ ಸಕ್ಕರೆ ಹಂಚುತ್ತಿದ್ದರು.

“ಏನಾಯಿತಪ್ಪಾ?” ಎಂದೆ.

“ಪಕ್ಕದ ಮನೆಯವಳಿಗೆ 563, ತಾತ. ಅವಳಿಗೆ ಎ ಪ್ಲಸ್, ನನಗೆ ಬರಿಯ ಎ.”

ಕಾಗದ ತೆಗೆದು ಲೆಕ್ಕ ಹಾಕಿದೆ. ಇವನದು ಶೇಕಡ 89.92, ಅವಳದು 90.08. ಗೆರೆ ಎಳೆದಿದ್ದದ್ದು ತೊಂಬತ್ತಕ್ಕೆ. ಲೆಕ್ಕವೇನೋ ಸರಿಯಾಗಿತ್ತು, ಹುಡುಗನ ಮುಖ ಸರಿಹೋಗಲಿಲ್ಲ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನಾನು ಈ ಗೆರೆಗಳು ಎಲ್ಲಿಂದ ಬಂದುವೆಂದು ಆವರೆಗೆ ಯೋಚಿಸಿರಲಿಲ್ಲ. ಅಂದಿನಿಂದ ಹುಡುಕಿ ಓದತೊಡಗಿದೆ.

ಮೊದಲು ಅಂಕಗಳೇ ಇರಲಿಲ್ಲ, ವಿಶೇಷಣಗಳಿದ್ದುವು. 1785ರಲ್ಲಿ ಅಮೆರಿಕದ ಯೇಲ್ ಕಾಲೇಜಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್, ಪರೀಕ್ಷೆಗೆ ಹಾಜರಾದ 58 ಮಂದಿಯನ್ನು ತಮ್ಮ ದಿನಚರಿಯಲ್ಲಿ ಲ್ಯಾಟಿನ್ ಮಾತುಗಳಿಂದ ನಾಲ್ಕು ಪಂಕ್ತಿಯಾಗಿ ಕೂರಿಸಿದರು: ಉತ್ತಮರು 20, ಎರಡನೆಯ ಉತ್ತಮರು 16, ಕೆಳಗಿನವರು 12, ತೀರ ಕೆಳಗಿನವರು 10. ಯಾರು ಯಾವ ಪಂಕ್ತಿಗೆಂಬುದು ಗುರುಗಳ ಮನಸ್ಸಿಗೆ ಬಿಟ್ಟ ಮಾತು. ಬರವಣಿಗೆಯ ಪರೀಕ್ಷೆ ಬೆಳೆದು, ಪ್ರಶ್ನೆಪ್ರಶ್ನೆಗೂ ಅಂಕ ಬಿದ್ದಾಗ ಆ ಮರ್ಜಿಗೊಂದು ಕಡಿವಾಣ ಬಿತ್ತು. ನಮ್ಮಲ್ಲಿ 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಲಂಡನ್ನಿನ ಮಾದರಿಯಲ್ಲಿ, ಮುಖ್ಯವಾಗಿ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿಯೇ ಹುಟ್ಟಿದುವು. ಮುಖ ಕಾಣದ ಪರೀಕ್ಷಕನ ಮುಂದೆ ಜಮೀನ್ದಾರನ ಮಗನೂ ಗುಮಾಸ್ತನ ಮಗನೂ ಬರಿಯ ಒಂದೊಂದು ನಂಬರು. ಇದು ಸಣ್ಣ ಉಪಕಾರವಲ್ಲ.

ಅಂಕವನ್ನು ಅಕ್ಷರಕ್ಕೆ ತಿರುಗಿಸಿದ ಕಥೆ ಇನ್ನೂ ಸ್ವಾರಸ್ಯದ್ದು. 1897ರಲ್ಲಿ ಅಮೆರಿಕದ ಮೌಂಟ್ ಹೋಲಿಯೋಕ್ ಎಂಬ ಮಹಿಳಾ ಕಾಲೇಜು 95ರಿಂದ ಮೇಲೆ ಎ, 85ರಿಂದ 94ರವರೆಗೆ ಬಿ, 76ರಿಂದ 84ರವರೆಗೆ ಸಿ, ಸರಿಯಾಗಿ 75 ಬಂದರೆ ಡಿ, ಅದಕ್ಕೂ ಕಡಮೆಯಾದರೆ ಇ ಎಂದು ಗೊತ್ತುಮಾಡಿತು. ಇ ಎಂದರೆ ನಪಾಸು. ಮರುವರ್ಷವೇ ಗೆರೆಗಳನ್ನು ಅಳಿಸಿ ಬರೆದರು. 85 ಪಡೆದವಳು ಬಿ ಇಂದ ಸಿ ಗೆ ಇಳಿದಳು. ಇ ಎಂಬುದು 75ರಿಂದ 79ರವರೆಗಿನ ಪಾಸಾಯಿತು. ನಪಾಸಿಗೆ ಎಫ್ ಬಂತು. ಉತ್ತರ ಬದಲಾಗಲಿಲ್ಲ, ಅಂಕವೂ ಬದಲಾಗಲಿಲ್ಲ. ಹಣೆಗೆ ಹಚ್ಚಿದ ಅಕ್ಷರ ಮಾತ್ರ ಬದಲಾಯಿತು.

ಹಾಗಾದರೆ ಅಂಕವಾದರೂ ನಂಬತಕ್ಕದ್ದೇ? 1912ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ವಿದ್ವಾಂಸರು ಇಂಗ್ಲಿಷಿನ ಎರಡು ಉತ್ತರಪತ್ರಿಕೆಗಳ ಪ್ರತಿಗಳನ್ನು 142 ಮಂದಿ ಉಪಾಧ್ಯಾಯರಿಂದ ತಿದ್ದಿಸಿದರು. ಒಂದಕ್ಕೆ 64ರಿಂದ 98ರವರೆಗೆ, ಇನ್ನೊಂದಕ್ಕೆ 50ರಿಂದ 97ರವರೆಗೆ ಅಂಕ ಬಂತು. ಭಾಷೆಯಲ್ಲಿ ಹೀಗಾದೀತು, ಗಣಿತದಲ್ಲಿ ಆಗದು ಎಂದೀರಿ. ಮರುವರ್ಷ ರೇಖಾಗಣಿತದ ಒಂದು ಪತ್ರಿಕೆ ಕೊಟ್ಟು ನೋಡಿದರು. 28ರಿಂದ 95!

ಹೀಗೆ ಅಂಕದ ಪೊಳ್ಳು ನಿಖರತೆಗೆ ಬೇಸತ್ತು ಅಕ್ಷರಕ್ಕೆ, ಅಕ್ಷರದ ಮಬ್ಬಿಗೆ ಬೇಸತ್ತು ಅಂಕಕ್ಕೆ ನಾವು ಓಡಾಡುತ್ತಲೇ ಬಂದಿದ್ದೇವೆ. ಸಿ.ಬಿ.ಎಸ್.ಇ. 2010ರಲ್ಲಿ ಹತ್ತನೆಯ ತರಗತಿಗೆ ಅಂಕದ ಬದಲು ಗ್ರೇಡು ಕೊಟ್ಟಿತು; ಆಗ 91 ಬಂದವನು ಎ ಒನ್, 90 ಬಂದವನು ಎ ಟು. 2018ರಲ್ಲಿ ಅಂಕಗಳು ಮರಳಿದುವು.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. ಜೊತೆಗೆ ಯಾರಿಗೂ ಹೇಳದ ಒಂದು ಮಾತನ್ನೂ ಹೇಳಿದೆ. ಮೌಲ್ಯಮಾಪನದ ಮೇಜಿನ ಮುಂದೆ ಕುಳಿತಾಗ ಮಧ್ಯಾಹ್ನದ ಕಾಫಿಗೆ ಮೊದಲು ನನ್ನ ಕೈ ಬಿಗಿ, ಆಮೇಲೆ ಸಡಿಲ. ಒಂದು ಅಂಕವೇಕೆ, ಎರಡು ಮೂರು ಅಂಕಗಳ ಅಂತರ ಆ ಲೋಟದಲ್ಲೇ ಇರುತ್ತಿತ್ತು. ಮೊತ್ತ ಮಾತ್ರ ಎರಡು ಸಲ ಕೂಡಿ, ಒಂದೂ ತಪ್ಪಿಲ್ಲದಂತೆ ನೋಡಿಕೊಳ್ಳುತ್ತಿದ್ದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಕಾಫಿಗೆ ಮೊದಲು ತಿದ್ದಿದ್ದನ್ನು ಆಮೇಲೆ ಇನ್ನೊಂದು ಸಲ ನೋಡುತ್ತಿದ್ದೆಯಾ, ತಾತ?” ಎಂದ.

ನೋಡಿರಲಿಲ್ಲ.