ಮಗುವಿನ ಅಳತೆಯ ಅಂಗಳ: ಇಂಗ್ಲೆಂಡಿನ ಪ್ರಿಪರೇಟರಿ ಶಾಲೆಗಳಲ್ಲಿ ಪಠ್ಯೇತರ ಚಟುವಟಿಕೆ ಮತ್ತು ಸಾಧನೆಯ ಲೆಕ್ಕ

1892ರಲ್ಲಿ ಇಂಗ್ಲೆಂಡಿನ ಪ್ರಿಪರೇಟರಿ ಶಾಲೆಗಳ ಮುಖ್ಯೋಪಾಧ್ಯಾಯರು ತಮ್ಮದೊಂದು ಸಂಘ ಕಟ್ಟಿಕೊಂಡರು. ಇಂದು ಐಎಪಿಎಸ್ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಸಂಸ್ಥೆಯ ಮೂಲ ಅದು. ಅವರನ್ನು ಒಂದೆಡೆ ಸೇರಿಸಿದ ಪ್ರಶ್ನೆ ಲ್ಯಾಟಿನ್ ವ್ಯಾಕರಣದ್ದೂ ಆಗಿರಲಿಲ್ಲ, ಗಣಿತದ್ದೂ ಆಗಿರಲಿಲ್ಲ. ಚಿಕ್ಕ ಹುಡುಗರು ಆಡುವ ಕ್ರಿಕೆಟ್ಟಿಗೆ ಚೆಂಡು ಎಷ್ಟು ದೊಡ್ಡದಿರಬೇಕು, ಪಿಚ್ಚು ಎಷ್ಟು ಉದ್ದವಿರಬೇಕು ಎಂದು ಕೇಳಿಕೊಂಡು ಅವರು ಸೇರಿದ್ದರು. ಈ ಶಾಲೆಗಳಿಂದ ಮುಂದಿನ ಹಂತಕ್ಕೆ ಹೋಗುವ ಎಲ್ಲ ಹುಡುಗರಿಗೂ ಒಂದೇ ಪ್ರವೇಶ ಪರೀಕ್ಷೆ ಬಂದದ್ದು 1904ರಲ್ಲಿ. ಪರೀಕ್ಷೆಯ ಏಕರೂಪತೆಗಿಂತ 12 ವರ್ಷ ಮುಂಚೆಯೇ ಆಟದ ಅಳತೆ ಅವರಿಗೆ ಚರ್ಚೆಯ ವಿಷಯವಾಗಿತ್ತು ಎಂಬುದನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು.

22 ಗಜದ ಪಿಚ್ಚು ಬೆಳೆದವರ ತೋಳಿಗೆ ಆದದ್ದು. ಒಂಬತ್ತು ವರ್ಷದ ಹುಡುಗ ಅಲ್ಲಿ ಚೆಂಡೆಸೆದರೆ ಅದು ಎರಡು ಪುಟ ಬಿದ್ದು ತಲಪುತ್ತದೆ. ಇಂದಿನ ನಿಯಮಗಳಲ್ಲಿ 13 ವರ್ಷದೊಳಗಿನವರ ಚೆಂಡಿನ ತೂಕ 133ರಿಂದ 144 ಗ್ರಾಂ. ದೊಡ್ಡವರದು 156ರಿಂದ 163 ಗ್ರಾಂ. ಈ ಇಪ್ಪತ್ತು ಗ್ರಾಮಿನ ಆಸುಪಾಸಿನ ವ್ಯತ್ಯಾಸದ ಹಿಂದೆ ಒಂದು ಶೈಕ್ಷಣಿಕ ತತ್ತ್ವವೇ ಇದೆ: ಆಟವನ್ನು ಮಗುವಿಗೆ ಹೊಂದಿಸಬೇಕು, ಮಗುವನ್ನು ಆಟಕ್ಕಲ್ಲ. ಪ್ರಿಪರೇಟರಿ ಶಾಲೆಗಳ ಪಠ್ಯೇತರ ಚಟುವಟಿಕೆಗಳ ಚರಿತ್ರೆಯಲ್ಲಿ ಈ ತತ್ತ್ವ ಒಂದು ಕಡೆ, ಸಾಧನೆಯನ್ನು ಅಂಕಿಯಲ್ಲಿ, ಫಲಕದಲ್ಲಿ, ಪತ್ರಿಕೆಯ ಸುದ್ದಿಯಲ್ಲಿ ಹಿಡಿದಿಡುವ ಆಸೆ ಇನ್ನೊಂದು ಕಡೆ ಎಳೆದಾಡುತ್ತ ಬಂದಿವೆ ಎಂಬುದು ಈ ಲೇಖನದ ವಾದ. ಮಕ್ಕಳ ಬದುಕಿನಲ್ಲಿ ಬಹುಕಾಲ ಉಳಿದದ್ದು ಹೆಚ್ಚಾಗಿ ಲೆಕ್ಕಕ್ಕೆ ಸಿಗದ ಕಡೆಯದೇ ಎಂಬುದನ್ನೂ ಇಲ್ಲಿ ತೋರಿಸಲು ಯತ್ನಿಸಿದ್ದೇನೆ.

ಈ ಶಾಲೆಗಳ ಹಿನ್ನೆಲೆ ಸಂಕ್ಷಿಪ್ತವಾಗಿ ಹೀಗಿದೆ. ಈಟನ್, ಹ್ಯಾರೋ, ವಿಂಚೆಸ್ಟರ್‌ನಂಥ ಹಿರಿಯ ವಸತಿ ಶಾಲೆಗಳಿಗೆ 13ನೇ ವಯಸ್ಸಿನ ಹೊತ್ತಿಗೆ ಸೇರುವ ಹುಡುಗರನ್ನು ಏಳೆಂಟು ವರ್ಷದಿಂದಲೇ ಸಿದ್ಧಪಡಿಸುವ ಖಾಸಗಿ ಶಾಲೆಗಳಿವು. ಹ್ಯಾಂಪ್‌ಶೈರಿನ ಟ್ವೈಫರ್ಡ್ ಶಾಲೆ 1809ರದು. ನೌಕಾದಳದ ಲೆಫ್ಟಿನೆಂಟ್ ಚಾರ್ಲ್ಸ್ ಮಾಲ್ಡನ್ 1837ರಲ್ಲಿ ತೆರೆದ ವಿಂಡಲ್‌ಶಮ್ ಹೌಸ್ ತಾನೇ ಮೊದಲ ನಿಜವಾದ ಪ್ರಿಪರೇಟರಿ ಶಾಲೆ ಎಂದು ಹೇಳಿಕೊಳ್ಳುತ್ತದೆ. ಯಾರು ಮೊದಲು ಎಂಬ ಜಗಳ ನಮಗೆ ಮುಖ್ಯವಲ್ಲ. ಮುಖ್ಯವಾದದ್ದು ಮಕ್ಕಳು ಅಲ್ಲಿಯೇ ಉಳಿದುಕೊಂಡಿದ್ದರು ಎಂಬುದು. ಇಂಡಿಯಾದಲ್ಲಿ ನೌಕರಿಯಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳು ತಾಯ ಮಡಿಲು ಬಿಟ್ಟು ಹಡಗು ಹತ್ತಿ ಬಂದು ಸೇರುತ್ತಿದ್ದದ್ದು ಇಂಥ ಶಾಲೆಗಳಿಗೇ. ಮಧ್ಯಾಹ್ನದ ಪಾಠ ಮುಗಿದ ಮೇಲೆ ಮಲಗುವವರೆಗಿನ ಹೊತ್ತು, ಭಾನುವಾರಗಳು, ಮಳೆ ಹಿಡಿದ ಸಂಜೆಗಳು, ಇವನ್ನೆಲ್ಲ ಶಾಲೆಯೇ ತುಂಬಬೇಕಿತ್ತು. ನಾವು ಇಂದು ಪಠ್ಯೇತರ ಎನ್ನುವ ಆಟ, ನಾಟಕ, ಸಂಗೀತ, ಚಿಟ್ಟೆ ಸಂಗ್ರಹ, ಕೈಬರಹದ ಪತ್ರಿಕೆ ಇವೆಲ್ಲ ಮನೆಯಿಂದ ದೂರವಿದ್ದ ಮಗುವಿಗೆ ದಿನದ ಅರ್ಧ ಭಾಗವೇ ಆಗಿದ್ದವು.

ಈ ಅರ್ಧಕ್ಕೆ ಒಂದು ವಿಚಾರದ ತಳಹದಿ ಕೊಡಲು ಯತ್ನಿಸಿದವನು ಆರ್ಚಿಬಾಲ್ಡ್ ಮ್ಯಾಕ್ಲಾರೆನ್. ಕತ್ತಿವರಸೆ ಮತ್ತು ಅಂಗಸಾಧನೆ ಕಲಿಸುತ್ತಿದ್ದ ಈತ 1858ರಲ್ಲಿ ಆಕ್ಸ್‌ಫರ್ಡಿನಲ್ಲಿ ದೊಡ್ಡದೊಂದು ವ್ಯಾಯಾಮಶಾಲೆ ತೆರೆದ. ವಿದ್ಯಾರ್ಥಿಗಳಾಗಿದ್ದ ವಿಲಿಯಂ ಮಾರಿಸ್, ಎಡ್ವರ್ಡ್ ಬರ್ನ್-ಜೋನ್ಸ್ ಇಬ್ಬರಿಗೂ ಈತನ ಒಡನಾಟವಿತ್ತು. ಇವನು ಬರೆದ ಕಿನ್ನರಿಯರ ಕಥನಗೀತಗಳ ಪುಸ್ತಕಕ್ಕೆ ಬರ್ನ್-ಜೋನ್ಸ್ ಚಿತ್ರ ಬರೆದುಕೊಟ್ಟ. 1860ರ ಸುಮಾರಿಗೆ ಬ್ರಿಟಿಷ್ ಸೈನ್ಯ ಹನ್ನೆರಡು ಮಂದಿ ಸಾರ್ಜೆಂಟರನ್ನು ಇವನ ಬಳಿ ತರಬೇತಿಗೆ ಕಳಿಸಿತು. ಅವರಲ್ಲಿ ಪ್ರತಿಯೊಬ್ಬನ ಎದೆ, ತೋಳು, ತೂಕಗಳನ್ನು ಈತ ತರಬೇತಿಯ ಮೊದಲೂ ಆಮೇಲೂ ಅಳೆದು ಕೋಷ್ಟಕ ಮಾಡಿದ. ನಾಲ್ಕು ವರ್ಷದ ಮೇಲೆ, 1864ರಲ್ಲಿ, ಈತನೂ ಹೆಂಡತಿ ಗರ್ಟ್ರೂಡಳೂ ಆಕ್ಸ್‌ಫರ್ಡಿನ ಉತ್ತರಕ್ಕೆ ಸಮರ್ ಫೀಲ್ಡ್ಸ್ ಎಂಬ ಶಾಲೆ ಆರಂಭಿಸಿದರು. ಗ್ರೀಕ್, ಲ್ಯಾಟಿನ್ ಕಲಿಸಿ ಹುಡುಗರಿಗೆ ಈಟನ್‌ನ ವಿದ್ಯಾರ್ಥಿವೇತನ ಗೆಲ್ಲಿಸಿಕೊಟ್ಟವಳು ಗರ್ಟ್ರೂಡ್. ದೇಹದ ಪಾಠ ಗಂಡನದು.

1869ರಲ್ಲಿ ಪ್ರಕಟಿಸಿದ ದೈಹಿಕ ಶಿಕ್ಷಣದ ಗ್ರಂಥದಲ್ಲಿ ಮ್ಯಾಕ್ಲಾರೆನ್ ಮಾಡುವ ಒಂದು ವಿಂಗಡಣೆ ನಮಗೆ ಬಹಳ ಉಪಯುಕ್ತ. ವಿನೋದಕ್ಕಾಗಿ ಮಾಡುವ ವ್ಯಾಯಾಮ ಬೇರೆ, ಬೆಳವಣಿಗೆಗಾಗಿ ಮಾಡುವ ವ್ಯಾಯಾಮ ಬೇರೆ ಎನ್ನುತ್ತಾನೆ ಆತ. ಆಟಗಳು ಬೇಕೇ ಬೇಕು, ಆದರೆ ಅವು ಕಾಲುಗಳಿಗೆ ಕೊಟ್ಟಷ್ಟು ಕೆಲಸವನ್ನು ಎದೆಗೂ ತೋಳಿಗೂ ಕೊಡುವುದಿಲ್ಲ. ಜೊತೆಗೆ ಆಟ ಆಗಲೇ ಬಲಿಷ್ಠನಾಗಿರುವವನನ್ನು ತನ್ನೆಡೆಗೆ ಸೆಳೆದು ದುರ್ಬಲನನ್ನು ಅಂಚಿನಲ್ಲಿ ನಿಲ್ಲಿಸುತ್ತದೆ. ಆದ್ದರಿಂದ ಒಬ್ಬೊಬ್ಬ ಹುಡುಗನಿಗೂ ಅವನ ಮೈಕಟ್ಟಿಗೆ ತಕ್ಕ ಅಭ್ಯಾಸ ಬೇಕು. ಇವನು ಮಾಡಿದ ಅಳತೆ ಒಬ್ಬನನ್ನು ಇನ್ನೊಬ್ಬನ ಪಕ್ಕ ನಿಲ್ಲಿಸಲು ಅಲ್ಲ, ಅದೇ ಹುಡುಗನನ್ನು ಅವನ ಆರು ತಿಂಗಳ ಹಿಂದಿನ ದೇಹದ ಪಕ್ಕ ನಿಲ್ಲಿಸಲು. ಸಾಧನೆಯನ್ನು ಹೀಗೆ ಎಣಿಸುವ ಈ ಕ್ರಮ ಮುಂದಿನ ಮೂವತ್ತು ವರ್ಷಗಳಲ್ಲಿ ಹಿಂದೆ ಸರಿದದ್ದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ.

ಹಿಂದೆ ಸರಿಸಿದ್ದು ತಂಡದ ಆಟಗಳ ಭರಾಟೆ. ಅದರ ಶಿಖರವನ್ನು ನೋಡಬೇಕಾದರೆ 1899ರ ಜೂನ್ ತಿಂಗಳಲ್ಲಿ ಬ್ರಿಸ್ಟಲ್‌ನ ಕ್ಲಿಫ್ಟನ್ ಕಾಲೇಜ್ ಎಂಬ ಶಾಲೆಯ ಮೈದಾನಕ್ಕೆ ಹೋಗಬೇಕು. ಅಲ್ಲಿ ಕಿರಿಯರ ಹೌಸ್ ಪಂದ್ಯವೊಂದರಲ್ಲಿ 13 ವರ್ಷದ ಎ.ಇ.ಜೆ. ಕಾಲಿನ್ಸ್ ಔಟಾಗದೆ 628 ಓಟ ಹೊಡೆದ. ಹಜಾರಿಬಾಗ್‌ನಲ್ಲಿ ಹುಟ್ಟಿ, ತಂದೆತಾಯಿಯನ್ನು ಕಳೆದುಕೊಂಡು ಕ್ಲಿಫ್ಟನ್‌ಗೆ ಬಂದಿದ್ದ ಹುಡುಗ ಅವನು. ಇನಿಂಗ್ಸ್ ಹಲವು ಮಧ್ಯಾಹ್ನಗಳಿಗೆ ಹರಡಿಕೊಂಡು ಒಟ್ಟು ಆರು ಗಂಟೆ ಐವತ್ತು ನಿಮಿಷ ನಡೆಯಿತು. ಸುದ್ದಿ ಪತ್ರಿಕೆಗಳಿಗೆ ಹೋಯಿತು, ನೋಡಲು ಜನ ಸೇರಿದರು. ಅವನ ಕ್ಲಾರ್ಕ್ಸ್ ಹೌಸ್ 836 ಓಟ ಮಾಡಿತು. ಎದುರಾಳಿ ನಾರ್ತ್ ಟೌನ್ 87 ಮತ್ತು 61ಕ್ಕೆ ಮುಗಿಯಿತು. ಆ ಪಂದ್ಯದಲ್ಲಿ 11 ವಿಕೆಟ್ ಪಡೆದವನೂ ಕಾಲಿನ್ಸನೇ.

ಓಟಗಳ ವಿಂಗಡಣೆಯನ್ನು ನೋಡಿದರೆ ಕಥೆಯ ಇನ್ನೊಂದು ಮುಖ ಕಾಣುತ್ತದೆ. ಒಂದು ಆರು, ನಾಲ್ಕು ಐದುಗಳು, 31 ಬೌಂಡರಿ, 33 ಮೂರುಗಳು, 87 ಒಂಟಿ ಓಟಗಳು, ಮತ್ತು 146 ಎರಡುಗಳು. ಎರಡುಗಳು ಇಷ್ಟೊಂದು ಬರಲು ಕಾರಣ ಮೈದಾನದ ಆಕಾರ: ಒಂದು ಬದಿಯ ಗೆರೆ ತೀರ ಹತ್ತಿರವಿದ್ದು ಆ ಕಡೆ ದಾಟಿದ ಚೆಂಡಿಗೆ ಎರಡೇ ಓಟ ಎಂಬ ಒಪ್ಪಂದವಿತ್ತು. ಕಾಲಿನ್ಸನ ಕೌಶಲ, ತಾಳ್ಮೆ ಎರಡೂ ಅಸಾಮಾನ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮಧ್ಯಾಹ್ನಗಳೆಲ್ಲ ನಾರ್ತ್ ಟೌನ್‌ನ ಹುಡುಗರು ಏನು ಕಲಿತರು ಎಂದು ಯಾರೂ ಕೇಳಲಿಲ್ಲ. ದಾಖಲೆ ಏರುತ್ತಿದೆ ಎಂದು ಗೊತ್ತಾದ ಕ್ಷಣದಿಂದ ಪಂದ್ಯ ಇಪ್ಪತ್ತೆರಡು ಮಕ್ಕಳದಾಗಿ ಉಳಿಯಲಿಲ್ಲ. ಕಾಲಿನ್ಸ್ ಸೈನ್ಯಕ್ಕೆ ಸೇರಿ 1914ರ ನವೆಂಬರ್ 11ರಂದು ಈಪ್ರ್ ಯುದ್ಧದಲ್ಲಿ 29ನೇ ವಯಸ್ಸಿಗೆ ತೀರಿಕೊಂಡ. ಅವನ ಅಂಕಿ ಮಾತ್ರ 2016ರ ಜನವರಿವರೆಗೆ ನಿಂತಿತು. ಮುಂಬಯಿ ಬಳಿಯ ಕಲ್ಯಾಣದಲ್ಲಿ ಶಾಲಾ ಪಂದ್ಯವೊಂದರಲ್ಲಿ 15ರ ಪ್ರಣವ್ ಧನಾವಡೆ ಔಟಾಗದೆ 1,009 ಓಟ ಹೊಡೆದು ಅದನ್ನು ಮೀರಿದ. ಅಲ್ಲಿಯೂ ಎದುರಾಳಿ ಶಾಲೆ 31 ಮತ್ತು 52ಕ್ಕೆ ಔಟಾಗಿತ್ತು. 117 ವರ್ಷ, ಎರಡು ಖಂಡ. ಎರಡು ಕಡೆಯೂ ದಾಖಲೆಯ ಅಡಿಯಲ್ಲಿ ಹೊಂದಾಣಿಕೆಯಿಲ್ಲದ ಎರಡು ಮಕ್ಕಳ ಗುಂಪುಗಳಿವೆ.

ಮೈದಾನದಾಚೆಗೂ ಇದೇ ಲೆಕ್ಕ ನಡೆಯುತ್ತಿತ್ತು. ಮೋತಿಹಾರಿಯಲ್ಲಿ ಹುಟ್ಟಿದ ಎರಿಕ್ ಬ್ಲೇರ್, ಮುಂದೆ ಜಾರ್ಜ್ ಆರ್ವೆಲ್, 1911ರಿಂದ 1916ರವರೆಗೆ ಈಸ್ಟ್‌ಬೋರ್ನ್‌ನ ಸೇಂಟ್ ಸಿಪ್ರಿಯನ್ಸ್ ಶಾಲೆಯಲ್ಲಿದ್ದ. 1914ರ ಅಕ್ಟೋಬರ್‌ನಲ್ಲಿ, ಯುದ್ಧ ಶುರುವಾಗಿ ಎರಡು ತಿಂಗಳಾದಾಗ, ಹನ್ನೊಂದು ವರ್ಷದ ಅವನ ದೇಶಭಕ್ತಿಯ ಪದ್ಯವೊಂದು ಹೆನ್ಲಿಯ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಅವನ ಮೊದಲ ಪ್ರಕಟಿತ ಬರಹ ಅದೇ. ಶಾಲೆ ಅವನನ್ನು ಕಡಿಮೆ ಶುಲ್ಕಕ್ಕೆ ಸೇರಿಸಿಕೊಂಡಿತ್ತು. ಈಟನ್‌ನ ವಿದ್ಯಾರ್ಥಿವೇತನ ಗೆದ್ದು ಶಾಲೆಗೆ ಹೆಸರು ತರಬೇಕೆಂಬ ನಿರೀಕ್ಷೆ ಆ ರಿಯಾಯಿತಿಗೆ ಅಂಟಿಕೊಂಡಿತ್ತು. ಇತಿಹಾಸದ ಅಂತರಶಾಲಾ ಬಹುಮಾನಕ್ಕಾಗಿ ಇಸವಿಗಳನ್ನೂ ಹೆಸರುಗಳನ್ನೂ ಹೇಗೆ ಬಾಯಿಪಾಠ ಮಾಡಿಸುತ್ತಿದ್ದರೆಂದು ಅವನು ನಂತರದ ಪ್ರಬಂಧದಲ್ಲಿ ಕಹಿಯಾಗಿ ಬರೆದ. ಅದು ಅವನು ತೀರಿಕೊಂಡ ಮೇಲೆ, 1952ರಲ್ಲಿ ಪ್ರಕಟವಾಯಿತು. ಅದೇ ಶಾಲೆಯಲ್ಲಿದ್ದ ಸಿರಿಲ್ ಕಾನೊಲಿಯ ನೆನಪುಗಳು 1938ರಲ್ಲೇ ಬಂದಿದ್ದವು. ಅವುಗಳ ದನಿ ಆರ್ವೆಲ್‌ನಷ್ಟು ಕಟುವಲ್ಲ. ಆರ್ವೆಲ್ ಉತ್ಪ್ರೇಕ್ಷಿಸಿದ್ದಾನೆ ಎನ್ನುವವರಿದ್ದಾರೆ. ಇರಬಹುದು. ಆದರೂ ಒಂದು ಮಗುವಿನ ಸಾಧನೆ ಶಾಲೆಯ ಬಂಡವಾಳವಾದಾಗ ಆ ಮಗುವಿಗೆ ಹೇಗೆ ಅನಿಸುತ್ತದೆ ಎಂಬುದಕ್ಕೆ ಅಷ್ಟು ನಿಖರವಾದ ಸಾಕ್ಷ್ಯ ಬೇರೊಂದಿಲ್ಲ.

ಇದಕ್ಕೆ ಎದುರಾಗಿ ಆಕ್ಸ್‌ಫರ್ಡಿನ ಡ್ರ್ಯಾಗನ್ ಶಾಲೆಯನ್ನು ಇಟ್ಟು ನೋಡಬೇಕು. ವಿಶ್ವವಿದ್ಯಾಲಯದ ಅಧ್ಯಾಪಕರು ತಮ್ಮ ಮಕ್ಕಳಿಗಾಗಿ 1877ರಲ್ಲಿ ತೆರೆದ ಈ ಶಾಲೆಯನ್ನು 1886ರಿಂದ 1920ರವರೆಗೆ ನಡೆಸಿದವರು ಸಿ.ಸಿ. ಲೈನಮ್. ಹಾಯಿದೋಣಿಯ ಹುಚ್ಚಿದ್ದ ಇವರನ್ನು ಹುಡುಗರು 'ಸ್ಕಿಪ್ಪರ್' ಎಂದೇ ಕರೆಯುತ್ತಿದ್ದರು. ಶೇಕ್ಸ್‌ಪಿಯರ್ ನಾಟಕದ ಪ್ರಯೋಗ ಅಲ್ಲಿ ವಾಡಿಕೆಯಾಯಿತು. ಶಾಲಾ ಪತ್ರಿಕೆಯಲ್ಲಿ ಆಟದ ವರದಿಯ ಜೊತೆಗೆ ಮಕ್ಕಳ ಬರಹಕ್ಕೂ ಜಾಗ ಸಿಕ್ಕಿತು. ಮುಂದೆ ಇಂಗ್ಲೆಂಡಿನ ರಾಜಕವಿಯಾದ ಜಾನ್ ಬೆಜಮನ್ ಇಲ್ಲಿಯ ವಿದ್ಯಾರ್ಥಿ. ಜೆರಾಲ್ಡ್ ಹೇನ್ಸ್ ಎಂಬ ಅಧ್ಯಾಪಕರು ಹುಡುಗರನ್ನು ಹಳ್ಳಿಯ ಹಳೆಯ ಚರ್ಚುಗಳಿಗೆ ಕರೆದೊಯ್ದು ಕಮಾನು, ಕಂಬ, ಕಿಟಕಿಗಳನ್ನು ನೋಡಲು ಕಲಿಸುತ್ತಿದ್ದರು. ಇದಕ್ಕೆ ಸ್ಪರ್ಧೆಯಿರಲಿಲ್ಲ, ಕಪ್ಪಿರಲಿಲ್ಲ, ಮೊದಲ ಸ್ಥಾನ ಎಂಬುದೇ ಇರಲಿಲ್ಲ. ಬೆಜಮನ್ ತನ್ನ ಆತ್ಮಚರಿತ್ರೆಯ ಪದ್ಯಕೃತಿಯಲ್ಲಿ ಆ ಗುರುಗಳನ್ನು ಕೃತಜ್ಞತೆಯಿಂದ ನೆನೆದಿದ್ದಾನೆ. 1960ರ ದಶಕದಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣವನ್ನು ಕೆಡವದಂತೆ ಹೋರಾಡಿದವರಲ್ಲಿ ಆತ ಪ್ರಮುಖ. ಅಲ್ಲಿ ಇಂದು ಅವನ ಪ್ರತಿಮೆಯಿದೆ. ಕಟ್ಟಡವನ್ನು ಪ್ರೀತಿಯಿಂದ ನೋಡುವ ಆ ಕಣ್ಣು ಪಳಗಿದ್ದು ಡ್ರ್ಯಾಗನ್ ಶಾಲೆಯಲ್ಲಿದ್ದಾಗಲೇ.

ಟ್ವೈಫರ್ಡ್‌ನಲ್ಲಿ ಸಂಗೀತಗಾರ ಹ್ಯೂಬರ್ಟ್ ಪ್ಯಾರಿಗೆ ಆದದ್ದೂ ಇಂಥದೇ. ಮುಖ್ಯೋಪಾಧ್ಯಾಯರು ಅವನ ಒಲವನ್ನು ಗುರುತಿಸಿದರು. ಹತ್ತಿರದ ವಿಂಚೆಸ್ಟರ್ ಕೆಥಡ್ರಲಿನಲ್ಲಿ ಎಸ್.ಎಸ್. ವೆಸ್ಲಿಯ ಆರ್ಗನ್ ಕೇಳುವ ಅವಕಾಶ ಅವನಿಗೆ ಸಿಕ್ಕಿತು.

ಸಂಗೀತದ ವಿಷಯದಲ್ಲಿ ಗಾಯಕ ಬಾಲಕರಿರುವ ಪ್ರಿಪರೇಟರಿ ಶಾಲೆಗಳು ಇನ್ನೊಂದು ಮಾದರಿಯನ್ನು ಮುಂದಿಡುತ್ತವೆ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜ್ ಶಾಲೆಯ ಹದಿನಾರು ಬಾಲಕರು ದಿನವೂ ತಾಲೀಮು ಮಾಡಿ, ಟರ್ಮ್ ನಡೆಯುವಾಗ ವಾರದ ಬಹುಪಾಲು ದಿನ ಪ್ರಾರ್ಥನಾ ಮಂದಿರದಲ್ಲಿ ಹಾಡುತ್ತಾರೆ. ಅಲ್ಲಿ 1918ರಲ್ಲಿ ಆರಂಭವಾದ ಕ್ರಿಸ್‌ಮಸ್ ಮುನ್ನಾದಿನದ ಗಾಯನವನ್ನು ಬಿಬಿಸಿ 1928ರಿಂದ ಪ್ರಸಾರ ಮಾಡುತ್ತ ಬಂದಿದೆ. ಆರಂಭದ ಗೀತೆಯ ಮೊದಲ ಚರಣವನ್ನು ಒಬ್ಬನೇ ಹಾಡಬೇಕು. ಯಾರು ಹಾಡುತ್ತಾರೆಂದು ಮುಂಚೆ ಹೇಳುವುದಿಲ್ಲ. ಹಲವರನ್ನು ಸಿದ್ಧಪಡಿಸಿ, ಪ್ರಸಾರ ಶುರುವಾಗುವ ಕ್ಷಣದಲ್ಲಿ ನಿರ್ದೇಶಕರು ಒಬ್ಬನಿಗೆ ಸನ್ನೆ ಮಾಡುತ್ತಾರೆ. ಮಗುವನ್ನು ವಾರಗಟ್ಟಲೆ ಆತಂಕದಲ್ಲಿ ಇಡದ ಉಪಾಯ ಇದು ಎಂಬುದು ಸಾಮಾನ್ಯ ವಿವರಣೆ. ನನಗೆ ಕಾಣುವಂತೆ ಇದರ ಬೆಲೆ ಇನ್ನೂ ಹೆಚ್ಚಿನದು. ಸನ್ನೆ ಸಿಗದ ಹುಡುಗರೂ ಅಷ್ಟೇ ಸಿದ್ಧರಾಗಿರುತ್ತಾರೆ. ಅವರ ಸಾಧನೆಯೂ ಪೂರ್ಣವೇ. ಅದನ್ನು ಬರೆದಿಡುವ ಫಲಕ ಮಾತ್ರ ಎಲ್ಲೂ ಇರುವುದಿಲ್ಲ.

ಭಾರತಕ್ಕೆ ಈ ಪದ್ಧತಿ ಬಂದ ದಾರಿಯನ್ನೂ ಸೂಚಿಸಬೇಕು. ಡೂನ್ ಶಾಲೆ 1935ರಲ್ಲಿ ಶುರುವಾದ ಮೇಲೆ, ಅದಕ್ಕೆ ಹುಡುಗರನ್ನು ಸಿದ್ಧಪಡಿಸಲು ಡೆಹ್ರಾಡೂನಿನಲ್ಲಿ ಮಿಸ್ ಆಲಿಫೆಂಟ್ 1937ರಲ್ಲಿ ವೆಲ್‌ಹಮ್ ಶಾಲೆ ತೆರೆದರು. ಅಲ್ಲಿ ಕಲಿತ ಮನ್ಸೂರ್ ಅಲಿ ಖಾನ್ ಪಟೌಡಿ ಮುಂದೆ ಇಂಗ್ಲೆಂಡಿನ ಲಾಕರ್ಸ್ ಪಾರ್ಕ್ ಪ್ರಿಪರೇಟರಿ ಶಾಲೆಗೆ ಹೋದ. ಕೆಂಟ್ ಕೌಂಟಿಯ ಹಿಂದಿನ ತಲೆಮಾರಿನ ಮಹಾನ್ ಎಡಗೈ ಆಟಗಾರ ಫ್ರಾಂಕ್ ವೂಲಿ ಅಲ್ಲಿ ಅವನಿಗೆ ತರಬೇತಿ ಕೊಟ್ಟ. ನಿವೃತ್ತ ವೃತ್ತಿಪರ ಆಟಗಾರ ಪುಟ್ಟ ಮಕ್ಕಳ ಶಾಲೆಗೆ ತರಬೇತುದಾರನಾಗಿ ಬರುವ ಈ ರೂಢಿ ಇಂಗ್ಲಿಷ್ ಕ್ರಿಕೆಟ್ಟಿಗೆ ಕೊಟ್ಟದ್ದು ಅಪಾರ. ನಾವು ಕನ್ನಡಿಗರಿಗೂ ಅದರ ಒಂದು ಪಾಲು ಸಂದಿದೆ: 21ರ ಹರೆಯದಲ್ಲಿ ಭಾರತದ ನಾಯಕನಾದ ಪಟೌಡಿಯ ಕೈಕೆಳಗೇ ಪ್ರಸನ್ನ, ಚಂದ್ರಶೇಖರ್ ತಮ್ಮ ಸ್ಪಿನ್ನಿನ ಹದ ಕಂಡರು, 1968ರಲ್ಲಿ ನ್ಯೂಜಿಲೆಂಡಿನಲ್ಲಿ ಭಾರತ ವಿದೇಶದ ನೆಲದ ಮೊದಲ ಸರಣಿ ಗೆದ್ದಾಗ ಪ್ರಸನ್ನ 24 ವಿಕೆಟ್ ಪಡೆದರು.

ಸಾಧನೆಗಳ ಪಟ್ಟಿ ಓದುವಾಗ ಸಂಶೋಧಕರು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಪಟ್ಟಿಗೆ ಬರಬಹುದಾಗಿದ್ದ ಯಾರನ್ನು ಅಲ್ಲಿಂದ ಎಬ್ಬಿಸಲಾಯಿತು? ಡ್ರ್ಯಾಗನ್ ಶಾಲೆಯಲ್ಲಿ ಹಾಲ್ಡೇನ್ ಮನೆತನದ ಅಣ್ಣತಂಗಿ ಇಬ್ಬರೂ ಓದಿದರು. ಅಣ್ಣ ಜೆ.ಬಿ.ಎಸ್. ಈಟನ್‌ನ ವಿದ್ಯಾರ್ಥಿವೇತನ ಗೆದ್ದು ಮುಂದೆ ಹೋದ, ತಳಿವಿಜ್ಞಾನಿಯಾದ, ಭಾರತದ ಪೌರತ್ವ ಪಡೆದು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. ತಂಗಿ ನವೋಮಿ ಆ ಶಾಲೆಯಲ್ಲಿದ್ದ ಬೆರಳೆಣಿಕೆಯ ಹುಡುಗಿಯರಲ್ಲಿ ಒಬ್ಬಳು. ಹುಡುಗರ ಜೊತೆಗೇ ಕಲಿತು ಬೆಳೆದವಳು. 1911ರಲ್ಲಿ ಮೈನೆರೆದೊಡನೆ ಅವಳನ್ನು ಶಾಲೆ ಬಿಡಿಸಿ ಮನೆಪಾಠಕ್ಕೆ ಹಾಕಿದರು. ಕಾರಣವನ್ನು ಅವಳಿಗೆ ಬಿಡಿಸಿ ಹೇಳಲೂ ಇಲ್ಲ. ನವೋಮಿ ಮಿಚಿಸನ್ ಎಂಬ ಹೆಸರಿನಲ್ಲಿ ಆಕೆ ಆಮೇಲೆ ತೊಂಬತ್ತರಷ್ಟು ಪುಸ್ತಕ ಬರೆದು 101 ವರ್ಷ ಬದುಕಿದರು. ಆ ಶಾಲೆ ಬಿಡಿಸಿದ್ದರ ನೋವನ್ನು ಎಪ್ಪತ್ತು ದಾಟಿದ ಮೇಲೆ ಪ್ರಕಟಿಸಿದ ಆತ್ಮಕಥನದಲ್ಲಿಯೂ ದಾಖಲಿಸಿದ್ದಾರೆ. ಈ ಶಾಲೆಗಳ ಪಠ್ಯೇತರ ಬದುಕನ್ನು ಅಧ್ಯಯನ ಮಾಡುವವರು ಗೌರವ ಫಲಕಗಳ ಜೊತೆಗೆ ಇಂಥ ಆತ್ಮಕಥನಗಳನ್ನೂ, ಎರಡನೇ ತಂಡದ ಸ್ಕೋರು ಪುಸ್ತಕಗಳನ್ನೂ, ನಾಟಕದ ಪಾತ್ರವರ್ಗದಲ್ಲಿ ಸೈನಿಕ, ಸೇವಕ ಎಂದಷ್ಟೇ ಅಚ್ಚಾದ ಹೆಸರುಗಳನ್ನೂ ಮೂಲ ಆಕರಗಳೆಂದೇ ಪರಿಗಣಿಸಿ ಓದಬೇಕಾಗಿದೆ.